ಭಾಗೀರಥಿ ಬರ್ಗೆನ್ನಿಗೆ ಹೊರಟಿದ್ದು

ಫೆಬ್ರವರಿ 22, ಭಾನುವಾರ

ಬೆಳಗ್ಗೆ ಉಪ್ಪಿಟ್ಟು ಬಡಿಸುತ್ತಾ ಭಾಗೀರಥಿ, "ಮೇ ತಿಂಗಳಲ್ಲಿ ನಾನು ಬರ್ಗೆನ್‌ಗೆ ಹೋಗ್ತಾ ಇದೀನಿ ರೀ" ಅಂದಳು. ಇಲ್ಲೇ ಸಿಂಗಪುರದ ಬೆಡೋಕ್ ಮಾರ್ಕೆಟ್ಟಿಗೆ ಹೋಗಿ ಕೊತ್ತಂಬರಿ ಸೊಪ್ಪು ತರ್ತೀನಿ ಅನ್ನುವಷ್ಟೇ ಸಲೀಸಾಗಿ. ಬರ್ಗೆನ್ ಅಂದರೆ ಯಾವುದೋ ಹೊಸ ಮಾಲ್ ಇರಬೇಕೆಂದುಕೊಂಡು "ಛತ್ರಿ ತಗೊಂಡು ಹೋಗು" ಅಂದೆ. ಆಮೇಲೆ ತಿಳಿಯಿತು, ಅದು ನಾರ್ವೆ ದೇಶದ ಬಂದರು. ಛತ್ರಿಯ ಮಾತೊಂದು ಮಾತ್ರ ಸರಿಯಾಗಿತ್ತು.

ಶನಿವಾರ ಅವಳ ಜೊತೆ ಬೆಡೋಕ್ ಕೆರೆ ಸುತ್ತುವ ವರ್ಷಾ ಮತ್ತು ಅಲಮೇಲು, ಇವರಿಬ್ಬರದೇ ಕಿತಾಪತಿ. ಮೂರು ಹೆಂಗಸರು, ಒಂದು ವಾರ. ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದು, ಸಮುದ್ರದಲ್ಲಿ ದೋಣಿಗೆ ಹುಟ್ಟು ಹಾಕುವುದು. "ಆಕ್ಟಿವ್ ಹಾಲಿಡೇ ಅಂತಾರೆ ರೀ ಇದಕ್ಕೆ" ಅಂದಳು. ಕೂತಲ್ಲಿಂದ ಏಳದೆ ಇರುವುದಕ್ಕೇ ರಜೆ ಅನ್ನುತ್ತಾರೆ ಎಂದು ನಾನು ಅರವತ್ತೊಂದು ವರ್ಷ ನಂಬಿದ್ದೆ.

"ನಿನ್ನ ಮೊಣಕಾಲು?" ಎಂದು ಕೇಳಿದೆ.

"ಅದಕ್ಕೇ ರೀ. ಇನ್ನೆರಡು ವರ್ಷದಲ್ಲಿ ಆಪರೇಷನ್ ಆಗ್ಲೇಬೇಕು ಅಂತ ಡಾಕ್ಟ್ರು ಹೇಳಿಲ್ವಾ? ಹತ್ತೋದಿದ್ರೆ ಈಗ್ಲೇ ಹತ್ಬೇಕು."

ಮದುವೆಯಾಗಿ ಮೂವತ್ತನಾಲ್ಕು ವರ್ಷ. ಒಂದು ಬಾಣಂತನ ಬಿಟ್ಟರೆ ಅವಳು ನನ್ನನ್ನು ಬಿಟ್ಟು ವಾರಗಟ್ಟಲೆ ಎಲ್ಲಿಗೂ ಹೋದವಳಲ್ಲ. ನನಗೇನೂ ಬೇಜಾರಿಲ್ಲ. ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ. ಆದರೂ ಒಂದು ಮಾತಿಗೆ ಕರೆಯಬಹುದಿತ್ತು.

ಫೆಬ್ರವರಿ 24, ಮಂಗಳವಾರ

ಭಾಗೀರಥಿ ಬೆಳಗ್ಗೆ ಏಳಕ್ಕೇ ತನ್ನ ಶಾಲೆಯ ಲೈಬ್ರರಿಗೆ ಹೋದ ಮೇಲೆ, ಬೇರೆ ಕೆಲಸವಿಲ್ಲದ್ದರಿಂದ, ಬರ್ಗೆನ್ ಬಗ್ಗೆ ಸ್ವಲ್ಪ ಓದಿದೆ. ಆ ಊರಿನಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ! ನಮ್ಮ ಸಿಂಗಪುರದಲ್ಲಿ ಮಧ್ಯಾಹ್ನ ಮೂರಕ್ಕೆ ಸುರಿದು ನಾಲ್ಕಕ್ಕೆ ನಿಲ್ಲುವ ಮಳೆಗೆ ಒಂದು ಶಿಸ್ತಾದರೂ ಇದೆ. ಬಾಲ್ಕನಿ ಇಲ್ಲದ ಮನೆಯಲ್ಲಿ ಬಟ್ಟೆ ಒಣಗಿಸುವುದಕ್ಕೆ ದಿನವೂ ಕಿಟಕಿಯಾಚೆ ಚಾಚುವ ಬಿದಿರಿನ ಗಳುವಿನ ಜೊತೆ ಗುದ್ದಾಡುವವಳು ಹದಿನಾರು ಗಂಟೆ ಹಾರಿಕೊಂಡು ಮಳೆ ನೋಡಲು ಹೋಗುತ್ತಾಳಂತೆ.

ಸಂಜೆ ಅವಳಿಗೆ ಅಂಕಿಅಂಶ ತೋರಿಸಿದೆ. "ಗೊತ್ತು ರೀ. ಅದಕ್ಕೇ ಅಲ್ಲಿ ಜನ ಕಮ್ಮಿ" ಅಂದಳು.

ಮಾರ್ಚ್ 1, ಭಾನುವಾರ

ನಮ್ಮ ಮನೆಯಲ್ಲೇ ಮೂವರ ಸಭೆ. ನನ್ನ ಪಾಲಿಗೆ ಬಂದದ್ದು ಕಾಫಿ ಮಾಡುವ ಕೆಲಸ. ಅಲಮೇಲು ಮಿತಭಾಷಿ, ಎಲ್ಲದಕ್ಕೂ ತಲೆಯಾಡಿಸಿ ಮೂರು ಲೋಟ ಕಾಫಿ ಕುಡಿದರು. ವರ್ಷಾ ಬ್ಯಾಂಕೊಂದರ ಐ.ಟಿ. ವಿಭಾಗದಲ್ಲಿದ್ದಾಳೆ. ನಲವತ್ತು ದಾಟಿದೆ, ನನ್ನನ್ನು ಅಂಕಲ್ ಅನ್ನುತ್ತಾಳೆ. ಭಾಗೀರಥಿಯನ್ನು ಮಾತ್ರ ಭಾಗೀ ಅನ್ನುತ್ತಾಳೆ. ಈ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ.

"ಮೊದಲನೇ ದಿನ ಫ್ಲೋಯೆನ್ ಬೆಟ್ಟ ವಾರ್ಮ್ ಅಪ್‌ಗೆ. ಎರಡನೇ ದಿನ ಸೈಕಲ್. ಉಲ್ರಿಕೆನ್ ಬೆಟ್ಟ ಕೊನೇಗೆ, ವೆದರ್ ನೋಡ್ಕೊಂಡು" ಎಂದಳು ವರ್ಷಾ.

"ಬೆಟ್ಟಕ್ಕೆ ರೈಲಿದೆಯಲ್ಲ?" ಎಂದು ನಾನು ಅಡುಗೆಮನೆಯಿಂದಲೇ ಕೇಳಿದೆ. ಫ್ಲೋಯೆನ್ ಬೆಟ್ಟಕ್ಕೆ ಹಗ್ಗದಿಂದ ಎಳೆಯುವ ರೈಲು ಇರುವುದು ನನಗೆ ಗೊತ್ತಾಗಿದೆ.

"ಅಂಕಲ್, ರೈಲಲ್ಲಿ ಹೋದ್ರೆ ಆಕ್ಟಿವ್ ಹೇಗಾಗತ್ತೆ? ನೀವು ಕಾಫಿಗೆ ಸಕ್ಕರೆ ಹಾಕೋದು ಮರ್ತಿದೀರ."

ಮೂವರೂ ನಕ್ಕರು. ಭಾಗೀರಥಿ ಸ್ವಲ್ಪ ಹೆಚ್ಚೇ ನಕ್ಕಳು ಅನ್ನಿಸಿತು. ಈ ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಅವಳು ನಕ್ಕಿದ್ದು ನೋಡಿ ತುಂಬ ದಿನವಾಗಿತ್ತು. ಹಿಂದೆ ಮೂರು ಸಲ ಹೊರಟಿದ್ದೆವು. ಒಂದು ಸಲ ಸ್ವಿಟ್ಜರ್ಲೆಂಡಿಗೆ. ಆಗ ನಮ್ಮ ಬ್ಯಾಂಕಿನಲ್ಲಿ ಹೊಸ ಸಿಸ್ಟಮ್ ಬಂದು ನನಗೆ ರಜೆ ಸಿಗಲಿಲ್ಲ. ಒಂದು ಸಲ ಕೋವಿಡ್, ಅದಕ್ಕೆ ನಾನು ಹೊಣೆಯಲ್ಲ. ಇನ್ನೊಂದು ಸಲ ಜಪಾನಿಗೆ ಹೊರಡುವ ನಾಲ್ಕು ದಿನ ಮುಂಚೆ ನನಗೆ ತಲೆಸುತ್ತು ಬಂತು. ಟಿಕೆಟ್ ರದ್ದು ಮಾಡಿದ ಮರುದಿನ ಹೋಯಿತು. ಅದು ನಿಜವಾದ ತಲೆಸುತ್ತೇ ಆಗಿತ್ತು.

ಮಾರ್ಚ್ 9, ಸೋಮವಾರ

ಭಾಗೀರಥಿ ಈಗ ದಿನಾ ಸಂಜೆ ನಮ್ಮ ಬ್ಲಾಕಿನ ಹನ್ನೆರಡು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತಾಳೆ. ಇವತ್ತು ಅವಳ ಹಿಂದೆ ನಾನೂ ಹತ್ತಿದೆ. ಅಭ್ಯಾಸಕ್ಕಲ್ಲ. ಮೊಣಕಾಲು ಕೈಕೊಟ್ಟರೆ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ.

ಎಂಟನೇ ಮಹಡಿಯಲ್ಲಿ ನಾನು ಗೋಡೆ ಹಿಡಿದು ನಿಂತೆ. ಅವಳು ಹನ್ನೆರಡು ಮುಟ್ಟಿ, ವಾಪಸ್ ಇಳಿದು ಬರುವಾಗ ನನಗೆ ನೀರಿನ ಬಾಟಲಿ ಕೊಟ್ಟು ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ 15, ಭಾನುವಾರ

ಬುಕಿತ್ ತಿಮಾ ಬೆಟ್ಟಕ್ಕೆ ಹೋಗಿದ್ದೆವು. ಸಿಂಗಪುರದಲ್ಲಿ ಇದಕ್ಕಿಂತ ಎತ್ತರದ್ದು ಇಲ್ಲ, ನೂರ ಅರವತ್ತಮೂರು ಮೀಟರ್. ಮೈಸೂರಿನವರ ಮುಂದೆ ಇದನ್ನು ಬೆಟ್ಟ ಅಂದರೆ ಚಾಮುಂಡಿ ತಾಯಿಯೇ ನಗುತ್ತಾಳೆ. ಆದರೂ ಮೇಲೆ ಹೋಗುವಷ್ಟರಲ್ಲಿ ನನ್ನ ಅಂಗಿ ಹಿಂಡುವಂತಾಗಿತ್ತು.

ಇಳಿಯುವಾಗ ಮಳೆ ಹಿಡಿಯಿತು. ಎಲ್ಲರೂ ಮರದ ಕೆಳಗೆ ಓಡಿದರು. ಭಾಗೀರಥಿ ಹೊಸ ರೇನ್‌ಕೋಟು ಹಾಕಿಕೊಂಡು ರಸ್ತೆಯ ಮಧ್ಯದಲ್ಲೇ ನಡೆದಳು. "ಟೆಸ್ಟಿಂಗ್ ರೀ!" ಎಂದು ಕೂಗಿದಳು. ಮುಖದ ತುಂಬ ನೀರು, ಹಲ್ಲು ಕಾಣುವ ಹಾಗೆ ನಗು. ನಾನು ಮರದ ಕೆಳಗೆ ಒಂದು ಕೋತಿಯ ಪಕ್ಕದಲ್ಲಿ ನಿಂತಿದ್ದೆ. ಕೋತಿಯೂ ಅವಳನ್ನೇ ನೋಡುತ್ತಿತ್ತು.

ಮಾರ್ಚ್ 28, ಶನಿವಾರ

ಸುಮಾರು ಎರಡು ವಾರದಿಂದ ಈ ಪುಸ್ತಕ ಮುಟ್ಟಿಲ್ಲ, ಕೈತುಂಬ ಕೆಲಸ. ಚಾಂಗಿ ಬಿಸಿನೆಸ್ ಪಾರ್ಕಿನ ಬ್ಯಾಂಕ್ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಒಂದೇ: ಏನೇನು ಕೆಡಬಹುದು, ಕೆಟ್ಟರೆ ಏನು ಮಾಡಬೇಕು ಎಂದು ಮೊದಲೇ ಬರೆದಿಡುವುದು. ಕಳೆದ ಆಗಸ್ಟಿನಲ್ಲಿ ನಿವೃತ್ತನಾದಾಗ ಒಂದು ಗಡಿಯಾರ ಕೊಟ್ಟು ಕಳಿಸಿದರು. ಆಮೇಲೆ ಯಾರೂ, ಏನಾದರೂ ಕೆಟ್ಟರೆ ಏನು ಮಾಡೋಣ ಸಾರ್ ಎಂದು ನನ್ನನ್ನು ಕೇಳಿಲ್ಲ.

ಹಾಗಾಗಿ ನಾನೇ ಶುರು ಮಾಡಿದೆ. ದಾಖಲೆಯ ಹೆಸರು "ಬರ್ಗೆನ್: ಅಪಾಯಗಳು ಮತ್ತು ಪರ್ಯಾಯಗಳು". ಸದ್ಯಕ್ಕೆ ಹತ್ತೊಂಬತ್ತು ಪುಟ. ದಿನಕ್ಕೊಂದು ಹಾಳೆ, ಅರ್ಧ ಗಂಟೆಗೊಂದು ಸಾಲು. ಮಳೆ ಬಂದರೆ ಹಸಿರು ದಾರಿ, ಜೋರು ಮಳೆಗೆ ಹಳದಿ, ಗಾಳಿಯೂ ಸೇರಿದರೆ ಕೆಂಪು. ಒಂದು ಬೆಟ್ಟದ ದಾರಿಯಲ್ಲಿ ಎಂಟುನೂರಕ್ಕೂ ಮೀರಿ ಕಲ್ಲಿನ ಮೆಟ್ಟಿಲಿವೆ, ಅದರ ಹೆಸರು ಉಚ್ಚರಿಸುವಷ್ಟರಲ್ಲೇ ದಣಿವಾಗುತ್ತದೆ. ಅದಕ್ಕೆ ನೂರು ಮೆಟ್ಟಿಲಿಗೊಮ್ಮೆ ನಾಲ್ಕು ನಿಮಿಷ ವಿಶ್ರಾಂತಿ ಹಾಕಿದ್ದೇನೆ. ಗೊಜ್ಜವಲಕ್ಕಿ ಎಷ್ಟು, ಚಟ್ನಿಪುಡಿ ಎಷ್ಟು, ಯಾವ ದಿನ ಯಾವ ಪೊಟ್ಟಣ ಒಡೆಯಬೇಕು, ಎಲ್ಲ ಇದೆ. ಬಂದರಿನ ಹಳೆಯ ಮರದ ಮನೆಗಳ ಮುಂದೆ ಫೋಟೋ ತೆಗೆಸಿಕೊಳ್ಳಲು ಇಪ್ಪತ್ತು ನಿಮಿಷ.

ಬಹಳ ದಿನಗಳ ಮೇಲೆ ಬೆಳಗ್ಗೆ ಎದ್ದ ಕೂಡಲೇ ಇವತ್ತು ಏನು ಮಾಡಬೇಕೆಂದು ಗೊತ್ತಿರುತ್ತದೆ. ಬರ್ಗೆನ್ನಿನ ಬೀದಿಗಳಂತೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹೋಗುವ ಆಸೆಯೇನಿಲ್ಲ, ಸುಮ್ಮನೆ ಹೇಳಿದೆ.

ಏಪ್ರಿಲ್ 5, ಭಾನುವಾರ

ದಾಖಲೆಯನ್ನು ಮುದ್ರಿಸಿ, ಅಂಚು ಹೊಲಿಸಿ, ಮೂರು ಪ್ರತಿ ಕೊಟ್ಟೆ. ಭಾಗೀರಥಿ ಸೋಫಾದ ಮೇಲೆ ಕೂತು ಒಂದೊಂದೇ ಪುಟ ತಿರುಗಿಸಿದಳು. ಪೂರ್ತಿ ಓದಿದಳು. ನಂತರ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಚೆನ್ನಾಗಿದೆ ರೀ" ಅಂದಳು. "ಆದ್ರೆ ಇದನ್ನ ಓದಿದ ಮೇಲೆ ನಾನು ಹೋಗಿ ಬಂದ ಹಾಗೇ ಆಯ್ತು. ಇನ್ನು ಅಲ್ಲಿಗೆ ಹೋಗಿ ಏನ್ ಮಾಡ್ಲಿ?"

ಹೊಗಳಿಕೆಯೋ ತಕರಾರೋ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಮಗಳು ಶ್ರೀಯಾ ಬಂದಿದ್ದಳು. ಅವಳ ಆಫೀಸು ತಂಜಾಂಗ್ ಪಗಾರಿನಲ್ಲಿ, ಅದರ ಹತ್ತಿರವೇ ಗೆಳತಿಯರ ಜೊತೆ ಬಾಡಿಗೆ ಮನೆ. ದಾಖಲೆಯನ್ನು ಎತ್ತಿ ತೂಕ ನೋಡಿದಳು.

"ಅಪ್ಪಾ, ಇದು ಹಾಲಿಡೇ ಲಾ, ಆಡಿಟ್ ಅಲ್ಲ. ಟಾಯ್ಲೆಟ್‌ಗೂ ಟೈಮ್ ಹಾಕಿದೀಯ!"

"ಸಾರ್ವಜನಿಕ ಶೌಚಾಲಯ ಅಲ್ಲಿ ಕಡಿಮೆ" ಎಂದೆ.

"ನಿಂಗೆ ಹೋಗ್ಬೇಕು ಅನ್ಸಿದ್ರೆ ಅಮ್ಮಂಗೆ ಹೇಳ್ಬಿಡು. ಇಷ್ಟೆಲ್ಲ ಡ್ರಾಮಾ ಯಾಕೆ?"

ಅನ್ನಿಸಿಲ್ಲ ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಇಬ್ಬರೂ ತಟ್ಟೆ ನೋಡಿಕೊಂಡು ಊಟ ಮುಗಿಸಿದರು.

ಏಪ್ರಿಲ್ 6, ಸೋಮವಾರ

ಬರೆಯುವಂಥದ್ದು ಏನೂ ಇಲ್ಲ. ಮಳೆ.

ಏಪ್ರಿಲ್ 18, ಶನಿವಾರ

ಹೊರಡುವ ದಿನ ಮೇ ಐದು. ಇವತ್ತು ಸುಮ್ಮನೆ ಪಂಚಾಂಗ ತಿರುವಿದರೆ ಅವತ್ತು ಮಂಗಳವಾರ, ಜೊತೆಗೆ ಚೌತಿ. ಮಂಗಳವಾರ ಉತ್ತರ ದಿಕ್ಕಿಗೆ ವಾರಶೂಲೆ, ಅಂದರೆ ಅವತ್ತು ಆ ಕಡೆ ಹೊರಡಬಾರದು. ನಾರ್ವೆ ಇರುವುದು ಎಲ್ಲಿ? ಭೂಪಟದಲ್ಲಿ ಇನ್ನೂ ಮೇಲೆ ಹೋದರೆ ಹಾಳೆಯೇ ಮುಗಿಯುತ್ತದೆ.

"ಬೇರೆ ದಿನಕ್ಕೆ ಬದಲಾಯಿಸೋಕೆ ಹೇಳು ವರ್ಷಂಗೆ" ಎಂದೆ.

ಭಾಗೀರಥಿ ಕನ್ನಡಕದ ಮೇಲಿಂದ ನೋಡಿದಳು. "ನೀವು ಯಾವಾಗಿಂದ ರೀ ಪಂಚಾಂಗ ನೋಡೋಕೆ ಶುರು ಮಾಡಿದ್ದು? ಮನೆ ಕೀ ತಗೊಂಡಿದ್ದು ರಾಹುಕಾಲದಲ್ಲಿ. ಆಗ ನಾನು ಹೇಳಿದ್ರೆ ನಕ್ಕಿದ್ರಿ."

ಸರಿಯಾದ ಮಾತೇ. ಆದರೆ ಆಗ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೆವು. ಈಗ ಇವಳೊಬ್ಬಳೇ ಹೋಗುವುದು.

ಟಿಕೆಟ್ಟಿನ ದಿನ ಬದಲಾಗುವುದಿಲ್ಲವಂತೆ. ಹಾಗಾದರೆ ಪ್ರಸ್ಥಾನ ಇಟ್ಟುಬಿಡೋಣ ಎಂದೆ. ನಮ್ಮ ಅಜ್ಜಿ ಮಾಡುತ್ತಿದ್ದುದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ದಿನ ನೋಡಿ, ನಮ್ಮ ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾಯಿತೆಂದು ಲೆಕ್ಕ. ಹೊರಡುವ ದಿನ ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಹೋಗುವುದು. ಒಮ್ಮೆ ಇಟ್ಟದ್ದನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ, ಅಷ್ಟೇ. ಪರ್ಯಾಯ ವ್ಯವಸ್ಥೆ ಅಂದರೆ ಇದು. ಹತ್ತೊಂಬತ್ತು ಪುಟದಲ್ಲಿ ನನಗೇ ಹೊಳೆದಿರಲಿಲ್ಲ.

"ನಿಮಗೆ ಅದರಿಂದ ಸಮಾಧಾನ ಆಗತ್ತಾ?" ಎಂದು ಕೇಳಿದಳು.

"ಸಮಾಧಾನದ ಪ್ರಶ್ನೆ ಅಲ್ಲ, ಸುರಕ್ಷತೆ" ಎಂದೆ.

"ಸರಿ, ಇಡೋಣ ಬಿಡಿ" ಅಂದಳು.

ಏಪ್ರಿಲ್ 30, ಗುರುವಾರ

ಒಳ್ಳೆಯ ದಿನ. ಶಾಸ್ತ್ರೋಕ್ತವಾಗಿ ಪ್ರಸ್ಥಾನ ಇಟ್ಟೆವು.

ಫೋನಿನಲ್ಲಿ ದಿಕ್ಸೂಚಿ ಹಿಡಿದು ಕಾರಿಡಾರಿನಲ್ಲಿ ನಡೆದೆ. ಬರ್ಗೆನ್ ಇಲ್ಲಿಂದ ವಾಯವ್ಯ. ವಾಯವ್ಯದ ತುದಿಗೆ ಸಿಕ್ಕಿದ್ದು ಲಿಮ್ ಆಂಟಿಯ ಮನೆ. ಎಪ್ಪತ್ತೆರಡು ವರ್ಷದ ಒಂಟಿ ಹೆಂಗಸು, ಮಗ ಪರ್ತ್‌ನಲ್ಲಿ. ನಾವು ಈ ಬ್ಲಾಕಿಗೆ ಬಂದಾಗಿನಿಂದ ಅವರ ಪರಿಚಯ. ಮಂಗಳವಾರ, ಚೌತಿ, ದಿಕ್ಕು ಎಂದೆಲ್ಲ ಇಂಗ್ಲಿಷಿನಲ್ಲಿ ವಿವರಿಸಲು ಕಷ್ಟಪಡುತ್ತೇನೆ ಅಂದುಕೊಂಡಿದ್ದೆ. ಅರ್ಧಕ್ಕೇ ಅವರು ಒಳಗೆ ಹೋಗಿ ಒಂದು ದಪ್ಪ ಕೆಂಪು ಪುಸ್ತಕ ತಂದರು. ಅವರ ಪಂಚಾಂಗ! ಬೆರಳಿಟ್ಟು ಹುಡುಕಿ, ಮೇ ಐದು ಅವರ ಲೆಕ್ಕಕ್ಕೂ ಪ್ರಯಾಣಕ್ಕೆ ಒಳ್ಳೆಯದಲ್ಲ ಎಂದರು. ಭಾಗೀರಥಿಯ ಕಡೆ ಒಂದು ನೋಟ ಬೀರಿದೆ. ಅವಳು ಛಾವಣಿ ನೋಡುತ್ತಿದ್ದಳು.

"ಕ್ಯಾನ್, ಕ್ಯಾನ್. ಪುಟ್ ಹಿಯರ್" ಎಂದು ಆಂಟಿ ತಮ್ಮ ದೇವರ ಪೀಠದ ಪಕ್ಕದಲ್ಲೇ ಜಾಗ ಮಾಡಿಕೊಟ್ಟರು.

ಚೀಲದಲ್ಲಿ ರೇನ್‌ಕೋಟು, ಬೆಟ್ಟದ ಬೂಟು, ಅರಿಶಿನ ಹಚ್ಚಿದ ಒಂದು ಹಿಡಿ ಅಕ್ಕಿ. ವೀಸಾ ಅಂಟಿಸಿದ ಪಾಸ್‌ಪೋರ್ಟನ್ನೂ ಒಳಗೆ ಹಾಕಿದೆ. ಅದು ಬೇಡ ರೀ ಅಂದಳು. ಪಾಸ್‌ಪೋರ್ಟ್ ಇಲ್ಲದೆ ನೀನೇ ದೇಶ ದಾಟುವಂತಿಲ್ಲ, ನಿನ್ನ ಚೀಲ ಹೇಗೆ ಹೊರಟ ಹಾಗಾಗುತ್ತದೆ ಎಂದು ಕೇಳಿದೆ. ಅವಳು ಚೀಲದ ಜಿಪ್ ಎಳೆದಳು.

ಮೇ 3, ಭಾನುವಾರ

ಬೆಳಗ್ಗೆ ವರ್ಷಾ ಫೋನ್ ಮಾಡಿ, ಪಾಸ್‌ಪೋರ್ಟಿನ ನಂಬರು ಆನ್‌ಲೈನ್ ಚೆಕ್ ಇನ್‌ಗೆ ಬೇಕು ಅಂದಳು. ನೋಡಿಕೊಂಡು ಬರಲು ಭಾಗೀರಥಿ ಲಿಮ್ ಆಂಟಿಯ ಮನೆಗೆ ಹೋದಳು. ಗ್ರಿಲ್ಲಿಗೆ ಬೀಗ. ಮಧ್ಯಾಹ್ನವೂ ಬೀಗ. ಎದುರು ಮನೆಯವರು ಹೇಳಿದರು, ಮೇ ದಿನದ ರಜೆ ಸೇರಿಸಿಕೊಂಡು ಆಂಟಿ ಶುಕ್ರವಾರವೇ ಗಡಿಯಾಚೆ ಮಲೇಷ್ಯಾದ ಜೋಹೋರ್ ಬಾರುವಿನ ತಂಗಿಯ ಮನೆಗೆ ಹೋದರಂತೆ.

ಫೋನ್ ಮಾಡಿದೆ. ನಾಲ್ಕನೇ ಸಲಕ್ಕೆ ಎತ್ತಿದರು. ತಂಗಿ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಾರೆ, ತಾವು ವಾಪಸ್ ಬರುವುದು ಬುಧವಾರ ಎಂದರು. ಚೀಲದ ಮಾತು ಕೇಳಿ "ಅಯ್ಯೋ" ಎಂಬ ಅರ್ಥದ ಅವರ ಭಾಷೆಯ ಶಬ್ದವೊಂದು ಬಂತು. ನಾವು ಅದನ್ನು ಸೋಮವಾರವೇ ಒಯ್ಯುತ್ತೇವೆ, ಅಷ್ಟರಲ್ಲಿ ತಾನು ಬಂದಿರುತ್ತೇನೆ ಎಂದುಕೊಂಡಿದ್ದರಂತೆ. ಇನ್ನೊಂದು ಬೀಗದ ಕೈ ಪರ್ತ್‌ನ ಮಗನ ಹತ್ತಿರ.

ಇದು ನಾನೊಬ್ಬನೇ ಓದುವ ಪುಸ್ತಕ, ಇಲ್ಲೂ ಸುಳ್ಳು ಬರೆದರೆ ಹೇಗೆ? ಬುಧವಾರ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಖುಷಿಯಾಯಿತು. ಒಂದು ಕ್ಷಣ, ಅಷ್ಟೇ. ಹೋಗುವುದಿಲ್ಲವಲ್ಲ ಎಂದು. ಫೋನ್ ಇಟ್ಟು ತಿರುಗಿದರೆ ಭಾಗೀರಥಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೇಕೂಂತ ಮಾಡಿದ್ರಾ?" ಎಂದು ಕೇಳಿದಳು.

"ಏನು ಮಾತು ಅಂತ ಆಡ್ತೀಯ?"

"ಇಲ್ಲ, ಬೇಕೂಂತ ಮಾಡೋರಲ್ಲ ನೀವು" ಅಂದಳು. "ಆದ್ರೂ ಪ್ರತಿ ಸಲ ಏನಾದ್ರೂ ಒಂದು ಆಗತ್ತೆ. ಬಿಡಿ, ನಾನು ಹೋಗಲ್ಲ. ನಿಮಗೂ ಸಮಾಧಾನ."

ಅವಳು ರೇಗಿದ್ದರೆ ನಾನೂ ರೇಗುತ್ತಿದ್ದೆ. ಅಳಲೂ ಇಲ್ಲ. ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಎರಡು ಪಾತ್ರೆ. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದ್ದಳು. ಈ ವಾರಕ್ಕೆ ನನಗೊಬ್ಬನಿಗೆ ಅಂದರೆ ಎರಡು ಲೋಟ ಸಾಕು. ಅವಳು ಇಬ್ಬರಿಗೆ ಹಾಕಿದ್ದಳು, ನಾಲ್ಕು ಲೋಟ.

ಅದರ ಮುಂದೆ ನಿಂತೇ ಇದ್ದೆ. ಹಿಂದೆ ಪ್ರವಾಸ ರದ್ದಾದ ಮೂರು ಸಲವೂ ಹೀಗೇ ಅಕ್ಕಿ ನೆನೆದಿರಬೇಕು. ನಾನು ನೋಡಿರಲಿಲ್ಲ.

ಮೇ 4, ಸೋಮವಾರ

ಬೆಳಗ್ಗೆ ಆರಕ್ಕೆ, ಅವಳು ಏಳುವ ಮುಂಚೆ, ನನ್ನ ಪಾಸ್‌ಪೋರ್ಟ್ ಜೇಬಿಗಿಟ್ಟುಕೊಂಡು ಹೊರಟೆ. ಎಂ.ಆರ್.ಟಿ. ರೈಲಿನಲ್ಲಿ ವುಡ್‌ಲ್ಯಾಂಡ್ಸ್, ಅಲ್ಲಿಂದ ಗಡಿ ದಾಟುವ ಬಸ್ಸು. ಎಲ್ಲಿ ಹತ್ತಬೇಕು, ಎಲ್ಲಿ ಇಳಿದು ಠಸ್ಸೆ ಹಾಕಿಸಬೇಕು, ಯಾವ ಬಸ್ಸಿಗೆ ಮತ್ತೆ ಹತ್ತಬೇಕು, ಒಂದನ್ನೂ ಓದಿಕೊಂಡಿರಲಿಲ್ಲ. ಎರಡು ಸಲ ತಪ್ಪು ಸಾಲಿನಲ್ಲಿ ನಿಂತೆ. ಬ್ಯಾಗು ಹೊತ್ತ ಒಬ್ಬ ಹೆಂಗಸು "ಅಂಕಲ್, ದಿಸ್ ಸೈಡ್ ಲಾ" ಎಂದು ತೋಳು ಹಿಡಿದು ಎಳೆದುಕೊಂಡು ಹೋದಳು. ಸೇತುವೆಯ ಮೇಲೆ ಬಸ್ಸು ಕದಲದೆ ನಿಂತಾಗ ಮಳೆ ಶುರುವಾಯಿತು. ಛತ್ರಿ ತಂದಿರಲಿಲ್ಲ.

ಗಡಿ ದಾಟಿ ಫೋನ್ ಮಾಡಿದೆ. ಹತ್ತೂವರೆಗೆ ತಂಗಿಯ ಮನೆಯ ಹತ್ತಿರದ ಕಾಫಿ ಅಂಗಡಿಗೆ ಲಿಮ್ ಆಂಟಿ ಬಂದರು. ನನ್ನನ್ನು ನೋಡಿ ಮೊದಲು ನಕ್ಕರು, ಆಮೇಲೆ ತಮ್ಮ ಕೈವಸ್ತ್ರ ಕೊಟ್ಟು ತಲೆ ಒರೆಸಿಕೋ ಎಂದರು. ಬೀಗದ ಕೈ ಕೊಟ್ಟು, ಬಲವಂತವಾಗಿ ಕೂರಿಸಿ, ಬಿಸಿ ಕಾಫಿ, ಸುಟ್ಟ ರೊಟ್ಟಿ ತರಿಸಿದರು.

"ಯೂ ಆಲ್ಸೋ ವಾಂಟ್ ಟು ಗೋ, ಈಸ್ ಇಟ್?" ಎಂದು ಕೇಳಿದರು.

ನೋ ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಇಟ್ಟರು. ಯಸ್ ಎಂದೆ. ಯಾರಿಗೂ ಹೇಳದ ಮಾತು ಒಬ್ಬ ಮುದುಕಿಯ ಮುಂದೆ ಇಂಗ್ಲಿಷಿನಲ್ಲಿ ಹೊರಗೆ ಬಂತು. ಭಾಗೀರಥಿ ಇಲ್ಲದ ಮನೆಯಲ್ಲಿ ಒಂದು ವಾರ ನಾನು ಏನು ಮಾಡಲಿ ಎಂಬ ಭಯ ಅದು, ಬೆಟ್ಟದ ಮೇಲಿನ ಆಸೆ ಅಲ್ಲ. ಆಂಟಿಗೆ ಇಷ್ಟೆಲ್ಲ ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೇ ಹೇಳಿಕೊಂಡೆ.

ಮೂರು ಗಂಟೆಗೆ ಮನೆ ಮುಟ್ಟಿದಾಗ ಭಾಗೀರಥಿ ಬಾಗಿಲಲ್ಲೇ ನಿಂತಿದ್ದಳು. ಶಾಲೆಗೆ ಇವತ್ತಿನಿಂದಲೇ ರಜೆ ಹಾಕಿದ್ದಳಲ್ಲ. "ಎಲ್ಲಿಗೆ ಹೋಗಿದ್ರಿ? ಫೋನ್ ಯಾಕೆ ಎತ್ತಲ್ಲ? ಮೈಯೆಲ್ಲಾ ನೆಂದಿದೆ!"

"ಮಲೇಷ್ಯಾಕ್ಕೆ" ಎಂದೆ, ಕೈ ಬಿಚ್ಚಿ ಬೀಗದ ಕೈ ತೋರಿಸಿದೆ.

ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿತು. ಸೆರಗಿನಿಂದ ನನ್ನ ತಲೆ ಒರೆಸಲು ಶುರು ಮಾಡಿದಳು. ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಮೇ 5, ಮಂಗಳವಾರ

ಏಳಕ್ಕೆ ಟ್ಯಾಕ್ಸಿ. ಲಿಮ್ ಆಂಟಿಯ ಮನೆ ತೆರೆದು ಚೀಲ ಎತ್ತಿಕೊಂಡೆವು. ಚೀಲದ ಮೇಲೆ ಆಂಟಿ ಒಂದು ಕೆಂಪು ದಾರ ಕಟ್ಟಿದ್ದರು. ಭಾಗೀರಥಿ ಅದನ್ನು ಬಿಚ್ಚಲಿಲ್ಲ.

ಚಾಂಗಿ ವಿಮಾನ ನಿಲ್ದಾಣದಲ್ಲಿ ವರ್ಷಾ, ಅಲಮೇಲು ಕಾಯುತ್ತಿದ್ದರು. ಮೂವರಿಗೂ ಒಂದೇ ಬಣ್ಣದ ಟೋಪಿ. ವರ್ಷಾ ನನ್ನ ದಾಖಲೆಯನ್ನು ಕೈಯಲ್ಲಿ ಹಿಡಿದಿದ್ದಳು. "ಅಂಕಲ್, ಮೊದಲೆರಡು ಪೇಜ್ ಸೂಪರ್ ಆಗಿದೆ" ಅಂದಳು. ಉಳಿದ ಹದಿನೇಳರ ಮಾತು ಬರಲಿಲ್ಲ.

ಭಾಗೀರಥಿ ಒಳಗೆ ಹೋಗುವ ಮುಂಚೆ ನಿಂತಳು. "ಹಿಟ್ಟು ಫ್ರಿಜ್‌ನಲ್ಲಿದೆ. ಬರ್ಲಾ?" ಅಂದಳು. ಆಮೇಲೆ, ಸಣ್ಣ ದನಿಯಲ್ಲಿ, "ಹೋಗ್ಲಾ?" ಎಂದು ಕೇಳಿದಳು. ಅದು ಬೇರೆಯೇ ಪ್ರಶ್ನೆ. ನಾನು ಬೇಡ ಅಂದಿದ್ದರೆ ಆ ಗಳಿಗೆಯಲ್ಲೂ ಹಿಂದಿರುಗುತ್ತಿದ್ದಳು, ಅದು ನನಗೆ ಖಂಡಿತ ಗೊತ್ತು.

"ಹೋಗು" ಎಂದೆ. ಅವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಮೇ 6, ಬುಧವಾರ

ತಲುಪಿದಳು. ಅಲ್ಲಿ ಮಳೆ. ಇಲ್ಲೂ ಮಳೆ. ದೋಸೆ ಹಂಚಿಗೆ ಅಂಟಿಕೊಂಡಿತು.

ಮೇ 7, ಗುರುವಾರ

ಮೂರನೇ ದೋಸೆ ಎದ್ದು ಬಂತು. ಫೋಟೋ ತೆಗೆದು ಶ್ರೀಯಾಗೆ ಕಳಿಸಿದೆ. ಅವಳು ಹಾಕಿದ ಉತ್ತರ, "ಅಪ್ಪಾ, ಇದು ಮ್ಯಾಪಾ?"

ಸಂಜೆ ಹನ್ನೆರಡೂ ಮಹಡಿ ಹತ್ತಿದೆ. ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಸಮುದ್ರದ ಮೇಲೆ ಹಡಗುಗಳು ನಿಂತಿದ್ದವು. ಸ್ವಲ್ಪ ಹೊತ್ತು ನೋಡಿ ಇಳಿದೆ. ಇಲ್ಲಿಂದ ಸಮುದ್ರ ಕಾಣುತ್ತದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಮೇ 9, ಶನಿವಾರ

ಸಂಜೆ ಐದಕ್ಕೆ ಫೋನು. ಅಲ್ಲಿ ಬೆಳಗ್ಗೆ ಹನ್ನೊಂದು. ಎತ್ತಿದರೆ ಪರದೆಯ ತುಂಬ ಬಿಳಿ, ಮಧ್ಯದಲ್ಲಿ ರೇನ್‌ಕೋಟಿನ ಟೋಪಿ, ಅದರೊಳಗೆ ಟೊಮೇಟೋ ಹಣ್ಣಾಗಿದ್ದ ಭಾಗೀರಥಿಯ ಮೂಗು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳುವುದಿಲ್ಲ.

"ಉಲ್ರಿಕೆನ್ ರೀ! ಮೇಲೆ ಬಂದ್ಬಿಟ್ಟೆ! ಪೂರ್ತಿ ನಡ್ಕೊಂಡೇ!"

"ಮೊಣಕಾಲು?"

"ನೋಯ್ತಾ ಇದೆ! ವರ್ಷಾ, ಅಲಮೇಲು ಇಲ್ಲಿ ಕೆಫೆ ಒಳಗೆ ಬೆಚ್ಚಗೆ ಕೂತಿದಾರೆ, ನಾನು ಹೊರಗೆ ಬಂದೆ."

"ಅಲ್ಲಿಂದ ಏನೇನು ಕಾಣತ್ತೆ? ಬಂದರು ಎಡಕ್ಕಿರಬೇಕು ನೋಡು."

"ಏನೂ ಕಾಣಲ್ಲ ರೀ, ಬರೀ ಮೋಡ. ಊರೂ ಇಲ್ಲ, ಸಮುದ್ರಾನೂ ಇಲ್ಲ. ಎಷ್ಟು ಚೆನ್ನಾಗಿದೆ ಗೊತ್ತಾ!"

ಅವಳು ನಕ್ಕಳು. ಆ ನಗು ನೋಡಿ, ಎರಡೂವರೆ ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದದ್ದು ತಾನಾಗಿ ಹೊರಬಿತ್ತು. "ಭಾಗೀ, ನನ್ನ ಯಾಕೆ ಕರೀಲಿಲ್ಲ? ಒಂದು ಮಾತಿಗಾದ್ರೂ?"

ಗಾಳಿ ಸ್ವಲ್ಪ ಹೊತ್ತು ಜೋರಾಯಿತು. ಕೇಳಿಸಲಿಲ್ಲವೇನೋ, ಒಳ್ಳೆಯದೇ ಆಯಿತು ಅಂದುಕೊಂಡೆ. ಅವಳು ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು.

"ಕರೆದಿದ್ರೆ ನೀವು ಬಂದ್ಬಿಡ್ತಿದ್ರಿ ರೀ" ಅಂದಳು.

ನನಗೆ ನೋವಾಯಿತು. ಸುಳ್ಳು ಹೇಳುವುದಿಲ್ಲ. ನಾನು ಬರುವುದಿಲ್ಲ ಎಂದು ಅವಳು ಕರೆಯಲಿಲ್ಲ ಅಂದುಕೊಂಡಿದ್ದೆ. ಆದರೆ ಮರುಕ್ಷಣ ನಗುವೂ ಬಂತು. ನಾನು ಹೋಗಿದ್ದರೆ ಈ ಹೊತ್ತಿಗೆ ಮಳೆ ನೋಡಿ ಹಳದಿ ದಾರಿ ಹಿಡಿಸಿ, ಅರ್ಧ ಬೆಟ್ಟದಿಂದಲೇ ಮೂವರನ್ನೂ ಇಳಿಸಿಕೊಂಡು ಬಂದಿರುತ್ತಿದ್ದೆ. ನಾನು ನಗುವುದನ್ನು ನೋಡಿ ಅವಳೂ ನಕ್ಕಳು. ಅವಳ ಕಣ್ಣಲ್ಲಿ ನೀರಿತ್ತು, ಮಳೆಯದೂ ಇರಬಹುದು.

ಬೇಗ ಇಳಿ, ಕತ್ತಲಾಗುತ್ತದೆ, ಕಲ್ಲು ಜಾರುತ್ತದೆ ಎಂದು ಹೇಳಲು ಬಾಯಿ ತೆರೆದೆ. ಅಲ್ಲಿ ಈ ಕಾಲದಲ್ಲಿ ಕತ್ತಲಾಗುವುದು ರಾತ್ರಿ ಹತ್ತು ಗಂಟೆಗೆ.

"ಇರು" ಎಂದೆ. "ನಿನಗೆ ಬೇಕಾದಷ್ಟು ಹೊತ್ತು ಇರು."

"ಹೂಂ" ಅಂದಳು. ಅವಳೇ ಮೊದಲು ಫೋನ್ ಇಟ್ಟಳು.